ದೊಡ್ಡಹುಡುಗಿಯ ಮುಖ

ಮಂಗಳವಾರ ಬೆಳಿಗ್ಗೆ ಏಳೂಕಾಲಿಗೆ ಡೇರಿ ಮ್ಯಾನೇಜರ್ ಠಾಣೆಗೆ ಬಂದ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಮ್ಮ ಹುಡುಗಿ ಮುಖ ಕಿತ್ತುಹಾಕಿದ್ದಾರೆ ರೀ," ಎಂದ.

ಹೆಡ್ ಕಾನ್‌ಸ್ಟೇಬಲ್ ಎದ್ದು ನಿಂತ. "ನಿಮ್ಮ ಮಗಳಾ? ಆಸ್ಪತ್ರೆಗೆ ಸೇರಿಸಿದ್ರಾ?"

"ಅಯ್ಯೋ, ಮಗಳಲ್ಲ. ಹೆದ್ದಾರಿ ತಿರುವಿನಲ್ಲಿ ನಿಲ್ಲಿಸಿದೀವಲ್ಲ, ಹಾಲಿನ ಹುಡುಗಿ. ನಮ್ಮ ಡೇರಿ ಪ್ರತಿಮೆ."

"ಎದೆ ಧಸಕ್ ಅನ್ನಿಸಿಬಿಟ್ರಲ್ಲ ಸಾರ್."

"ಆಸ್ಪತ್ರೆಲಿರೋದು ವಾಚ್‌ಮನ್. ಮುಖ ಅವನ ಮೇಲೇ ಬಿದ್ದಿದೆ. ತಲೆಬುರುಡೆ ಸೀಳಿದೆಯಂತೆ, ಎಚ್ಚರ ಇಲ್ಲ."

ಅಷ್ಟು ಹೊತ್ತಿಗೆ ಒಳಕೋಣೆಯಿಂದ ಇನ್ಸ್‌ಪೆಕ್ಟರ್ ಬಂದಿದ್ದ. ವಾಚ್‌ಮನ್ ವಿಷಯವನ್ನು ಮೊದಲು ಹೇಳಬೇಕಿತ್ತು ಎಂದು ಅವನಿಗೆ ಅನ್ನಿಸಿತು. ದೂರು ಬರೆಸಿಕೊಂಡು ಎಫ್‌ಐಆರ್ ಮಾಡಿಸಿದ. ಆಸ್ತಿ ಹಾನಿ, ತೀವ್ರ ಗಾಯ. ವಾಚ್‌ಮನ್ ಸತ್ತರೆ ಕೇಸು ಬೇರೆಯೇ ಆಗಲಿತ್ತು.

"ಯಾರ ಮೇಲಾದರೂ ಅನುಮಾನ?"

"ಇನ್ಯಾರು? ಪಕ್ಕದೂರಿನ ಕೆಟಲ್‌ನವರು. ನಮ್ಮ ಹುಡುಗಿ ಬಂದ ಮೇಲೆ ಅವರ ಕೆಟಲ್ ಹತ್ರ ನಾಯಿನೂ ನಿಲ್ತಿಲ್ಲ."

ಪಕ್ಕದೂರಿನವರು ಹೆದ್ದಾರಿ ಬದಿಯಲ್ಲಿ ಮೂರು ಮಹಡಿ ಎತ್ತರದ ಟೀ ಕೆಟಲ್ ನಿಲ್ಲಿಸಿದ್ದರು. ಅದಕ್ಕೆ ಸೆಡ್ಡು ಹೊಡೆದು ಡೇರಿಯವರು ಐದು ಮಹಡಿ ಎತ್ತರದ ಹುಡುಗಿಯನ್ನು ಎಬ್ಬಿಸಿದ್ದರು. ಲಂಗ ತೊಟ್ಟು, ಜಡೆ ಮುಂದೆ ಹಾಕಿಕೊಂಡು, ಹಾಲಿನ ಲೋಟವನ್ನು ರಸ್ತೆಯ ಕಡೆಗೆ ವಾಲಿಸಿ ಹಿಡಿದ ಫೈಬರ್ ಹುಡುಗಿ. ಡೇರಿಯವರು ಅವಳನ್ನು ಹಾಲಿನ ಹುಡುಗಿ ಎಂದರೂ ಊರಿಗೆಲ್ಲ ಅವಳು ದೊಡ್ಡಹುಡುಗಿ. ಬಸ್ಸುಗಳು ಅಲ್ಲಿ ನಿಲ್ಲುತ್ತಿದ್ದವು. ಜನ ಲೋಟದ ಕೆಳಗೆ ಬಾಯಿ ಕಳೆದು ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಹರೆಯದ ಗಂಡಸರು ಲಂಗದ ಕೆಳಗೆ ನಿಂತು ಮೇಲೆ ನೋಡುತ್ತ ತೆಗೆಸಿಕೊಳ್ಳುತ್ತಿದ್ದರು.

ಇನ್ಸ್‌ಪೆಕ್ಟರ್ ಹೋದಾಗಲೂ ಒಂದು ಬಸ್ಸು ನಿಂತಿತ್ತು. ಮುಖ ಇಲ್ಲದ ಹುಡುಗಿಯ ಜೊತೆ ಫೋಟೋ ತೆಗೆಸಿಕೊಳ್ಳಲು ಮಾಮೂಲಿಗಿಂತ ಹೆಚ್ಚು ಜನ ಸೇರಿದ್ದರು. ಕೂದಲು, ಕಿವಿ, ಕುತ್ತಿಗೆ ಎಲ್ಲ ಹಾಗೇ ಇದ್ದವು. ಅವುಗಳ ನಡುವಿನ ತೂತಿನಲ್ಲಿ ಒಳಗಿನ ಕಬ್ಬಿಣದ ಏಣಿ ಕಾಣುತ್ತಿತ್ತು. ಮುಖ ಕೆಳಗೆ ಎರಡು ಹೋಳಾಗಿ ಬಿದ್ದಿತ್ತು. ಹಣೆ ಮತ್ತು ಕಣ್ಣು ಒಂದು ಕಡೆ, ತುಟಿ ಮತ್ತು ಗಲ್ಲ ಇನ್ನೊಂದು ಕಡೆ. ಪ್ರತಿಮೆಯ ಪಾದಗಳ ಮಧ್ಯೆ ಟಾರ್ಪಾಲಿನ್ ಕಟ್ಟಿದ್ದ ಗೂಡು ಕುಸಿದು ರಕ್ತ ಕಪ್ಪಾಗಿತ್ತು.

"ವಾಚ್‌ಮನ್‌ಗೆ ಕ್ಯಾಬಿನ್ ಇದೆಯಲ್ಲ, ಇಲ್ಲಿ ಯಾಕೆ ಮಲಗಿದ್ದ?"

ಪಂಚನಾಗಿ ಕರೆಸಿದ್ದ ಪಂಕ್ಚರ್ ಅಂಗಡಿಯವ ಉತ್ತರಿಸಿದ. "ಕ್ಯಾಬಿನ್‌ನಲ್ಲಿ ತಿಗಣೆ ಸಾರ್. ಈ ವಾರದಿಂದ ಇಲ್ಲಿ ಮಲಗ್ತಿದ್ದ."

ಪಂಚನಾಮೆ ಶುರುವಾಯಿತು. ಪ್ರತಿಮೆಯ ಹಿಂಬದಿ, ಲಂಗದ ಅಂಚಿನಲ್ಲಿ ಒಳಗೆ ಹೋಗಲು ದುಂಡನೆಯ ಬಾಗಿಲಿತ್ತು. ಡೇರಿಯ ಗುಜರಿಯಲ್ಲಿ ಬಿದ್ದಿದ್ದ ಹಾಲಿನ ಟ್ಯಾಂಕಿನ ಹಳೆಯ ಮುಚ್ಚಳವನ್ನೇ ಕೀಲು ಹಾಕಿ ಕೂರಿಸಿದ್ದರು. ಬೀಗವಿಲ್ಲ, ಒಂದು ಹಿಡಿ ಅಷ್ಟೆ. ಹಿಡಿಗೆ ಅಂಗೈಯಗಲದ ಕೆಂಪು ತಗಡಿನ ಬಿಲ್ಲೆ ತೂಗುತ್ತಿತ್ತು. ಅದರ ಮೇಲೆ ಅಕ್ಷರವೇನೂ ಇರಲಿಲ್ಲ. ಬಣ್ಣ ಅಲ್ಲಲ್ಲಿ ಎದ್ದಿತ್ತು.

"ಇದೇನು?"

"ಅಪಾಯ ಅಂತ ಹಾಕಿರ್ತಾರೆ ಸಾರ್," ಎಂದ ಹೆಡ್ ಕಾನ್‌ಸ್ಟೇಬಲ್. ಹಾಗೆಂದೇ ಬರೆದುಕೊಂಡರು. ಬಿಲ್ಲೆಯನ್ನು ಕವರಿಗೆ ಹಾಕಿ ಸೀಲು ಮಾಡಿದರು.

ಮಹಿಳಾ ಕಾನ್‌ಸ್ಟೇಬಲ್ ಏಣಿ ಹತ್ತಿ ನೋಡಿ ಬಂದಳು. "ಕೊಯ್ದಿಲ್ಲ ಸಾರ್, ಒಡೆದೂ ಇಲ್ಲ. ಒಳಗಿಂದ ನಟ್ ಬಿಚ್ಚಿ ತಳ್ಳಿದಾರೆ. ಬಿಚ್ಚಿದ ನಟ್ಟೆಲ್ಲ ತಲೆಯೊಳಗಿನ ಅಟ್ಟಣೆ ಮೇಲೆ ಒಂದೇ ಕಡೆ ಗುಡ್ಡೆ. ಒಂದೂ ಚೆಲ್ಲಿಲ್ಲ."

"ಇಷ್ಟು ಓರಣದ ಕಳ್ಳನನ್ನ ನಮ್ಮನೆಗೆ ಕೆಲಸಕ್ಕೆ ಇಟ್ಕೋಬೋದು," ಎಂದ ಹೆಡ್ ಕಾನ್‌ಸ್ಟೇಬಲ್.

ಇನ್ಸ್‌ಪೆಕ್ಟರ್ ಕೇಳಿದ. "ಆಂಬುಲೆನ್ಸ್ ಕರೆದಿದ್ದು ಯಾರು?"

ಅದು ಯಾರಿಗೂ ಗೊತ್ತಿರಲಿಲ್ಲ. ಮಧ್ಯಾಹ್ನ ವಿಚಾರಿಸಿದಾಗ ಕರೆ ವಾಚ್‌ಮನ್‌ನ ಫೋನಿನಿಂದಲೇ ಹೋಗಿತ್ತು. ಧ್ವನಿಮುದ್ರಣ ತರಿಸಿ ಕೇಳಿದರು. ಹೆಂಗಸಿನ ದನಿ, ಏದುಸಿರು. "ಒಬ್ರಿಗೆ ಏಟಾಗಿದೆ. ರಕ್ತ ನಿಲ್ತಿಲ್ಲ. ಹೆದ್ದಾರಿ ಗೊಂಬೆ ಹತ್ರ. ಬೇಗ ಬನ್ನಿ ಅಣ್ಣ, ಉಸಿರಿದೆ." ಹೆಸರು ಕೇಳಿದ್ದಕ್ಕೆ ಕರೆ ತುಂಡಾಗಿತ್ತು. ಆಂಬುಲೆನ್ಸ್‌ನವರು ಬಂದಾಗ ಯಾರೂ ಇರಲಿಲ್ಲ. ವಾಚ್‌ಮನ್‌ನ ತಲೆಯ ಕೆಳಗೆ ಮಡಿಸಿದ ಹತ್ತಿ ಸ್ವೆಟರ್ ಇಟ್ಟಿದ್ದರು.

"ಗೊಂಬೆ ಅಂತಾಳೆ," ಎಂದ ಇನ್ಸ್‌ಪೆಕ್ಟರ್. "ದೊಡ್ಡಹುಡುಗಿ ಅಂತ ಅನ್ನಲ್ಲ."

ಕೆಟಲ್‌ನವನನ್ನು ಕರೆಸಲೇಬೇಕಾಯಿತು. ಅವನು ಸಿಡುಕಿಕೊಂಡೇ ಬಂದ. "ಸೋಮವಾರದಿಂದ ನಾವೆಲ್ಲ ತಂಗಿ ಮದುವೆ ಮಾತುಕತೆಗೆ ಹೋಗಿದ್ವಿ, ಇಪ್ಪತ್ತು ಜನ ಸಾಕ್ಷಿ. ಅಲ್ಲಾ ಸಾರ್, ಮುಖ ಇಲ್ಲದೇ ಇರೋದನ್ನ ನೋಡೋಕೆ ಡಬಲ್ ಜನ ಬರ್ತಿದಾರೆ. ಹೀಗಾಗತ್ತೆ ಅಂತ ಗೊತ್ತಿದ್ರೆ ನನ್ನ ಕೆಟಲ್ ಮೂತಿ ನಾನೇ ಮುರ್ಕೊಳ್ತಿದ್ದೆ." ಅವನನ್ನು ಕಳಿಸಿಬಿಟ್ಟರು.

ಪ್ರತಿಮೆ ಮಾಡಿದ ಶಿಲ್ಪಿಯ ಶೆಡ್ಡು ಊರ ಹೊರಗಿತ್ತು. ಅಂಗಳದಲ್ಲಿ ಅರ್ಧ ಮುಗಿದ ಆನೆ, ಕಾಲಿಲ್ಲದ ಜಿರಾಫೆ. ರಾಳದ ವಾಸನೆ ಗಂಟಲಿಗೆ ಕೂರುತ್ತಿತ್ತು.

"ಮುಖ ಬೇರೆ ಮಾಡಿ ಬೋಲ್ಟ್ ಹಾಕಿದ್ದು ಯಾಕೆ?"

"ಬಿಸಿಲಿಗೆ ಬಣ್ಣ ಹೋಗತ್ತೆ ಸಾರ್. ಬೇಕಾದಾಗ ಇಳಿಸಿ ಬಳಿಯೋಕೆ."

"ಇದು ಯಾರಿಗೆಲ್ಲ ಗೊತ್ತು?"

"ನನಗೆ. ನಮ್ಮ ಹುಡುಗರಿಗೆ. ಕೂರಿಸೋ ದಿನ ಡೇರಿಯವರೆಲ್ಲ ನಿಂತು ನೋಡಿದಾರೆ."

"ಮುಖ ಯಾರದು?"

ಶಿಲ್ಪಿ ಕೈಗೆ ಅಂಟಿದ ರಾಳವನ್ನು ಉಗುರಿನಿಂದ ಕೆರೆದ. "ಯಾರದೂ ಅಲ್ಲ. ಕಲ್ಪನೆ."

ಬುಧವಾರ ಬೆಳಿಗ್ಗೆ ಇನ್ಸ್‌ಪೆಕ್ಟರ್ ಡೇರಿಗೆ ಹೋದ. ನಟ್ ಬಿಚ್ಚಿದ ಸ್ಪ್ಯಾನರ್ ಎಲ್ಲಿಂದ ಬಂದಿರಬಹುದು ಎಂದು ನೋಡುವುದಷ್ಟೇ ಅವನ ಉದ್ದೇಶವಾಗಿತ್ತು. ಮ್ಯಾನೇಜರ್ ಜೊತೆ ಟ್ಯಾಂಕ್ ತೊಳೆಯುವ ವಿಭಾಗ ದಾಟುವಾಗ ಅವನ ಕಾಲು ನಿಂತಿತು. ಅಡ್ಡ ಮಲಗಿಸಿದ್ದ ಸ್ಟೀಲ್ ಟ್ಯಾಂಕಿನ ದುಂಡು ಬಾಯಿ ತೆರೆದಿತ್ತು. ಒಳಗಿನಿಂದ ಬ್ರಷ್ಷಿನ ಸದ್ದು ಬರುತ್ತಿತ್ತು. ಮುಚ್ಚಳದ ಹಿಡಿಗೆ ಕೆಂಪು ತಗಡಿನ ಬಿಲ್ಲೆ ನೇತಾಡುತ್ತಿತ್ತು.

"ಇದೇನು?" ನಿನ್ನೆಯ ಪ್ರಶ್ನೆಯನ್ನೇ ಕೇಳಿದ.

ಪೈಪು ಹಿಡಿದು ನಿಂತಿದ್ದ ಹೆಂಗಸು ಹೇಳಿದಳು. "ಒಳಗೆ ಆಳು ಇದೆ ಅಂತ ಸಾರ್. ಗೊತ್ತಿಲ್ದೆ ಯಾರಾದ್ರೂ ಮುಚ್ಚಿ ಬಿಸಿನೀರು ಬಿಟ್ರೆ ಒಳಗಿದ್ದೋರು ಬೆಂದೇ ಹೋಗ್ತಾರೆ. ಹಿಂದೆ ಒಂದ್ಸಲ ಹಾಗಾಗಿದೆ. ಅವತ್ತಿಂದ ಯಾರು ಇಳಿದ್ರೂ ಮೊದಲು ಬಿಲ್ಲೆ."

"ಹೊರಗೆ ಬಂದ ಮೇಲೆ?"

"ಹಾಕಿದೋರೇ ತೆಗೀಬೇಕು. ಇನ್ನೊಬ್ರು ಮುಟ್ಟಂಗಿಲ್ಲ. ಮ್ಯಾನೇಜರ್ ಸಾರ್ ಕೂಡ."

ಗೋಡೆಯಲ್ಲಿ ಬಿಲ್ಲೆ ನೇತುಹಾಕುವ ನಾಲ್ಕು ಕೊಕ್ಕೆ ಇದ್ದವು. ಎರಡರಲ್ಲಿ ಬಿಲ್ಲೆ ಇತ್ತು, ಮೂರನೆಯದು ಈ ಟ್ಯಾಂಕಿನ ಮೇಲೆ. ನಾಲ್ಕನೆಯ ಕೊಕ್ಕೆ ಖಾಲಿ.

ಇನ್ಸ್‌ಪೆಕ್ಟರ್ ಠಾಣೆಗೆ ಹೇಳಿಕಳಿಸಿ, ಪಂಚರ ಎದುರು ಸೀಲು ಒಡೆಸಿ ಬಿಲ್ಲೆ ತರಿಸಿದ. ಟ್ಯಾಂಕ್ ತೊಳೆಯುವ ನಾಲ್ವರು ಹೆಂಗಸರನ್ನೂ ಸಾಲಾಗಿ ನಿಲ್ಲಿಸಿದರು. ರಬ್ಬರ್ ಬೂಟು, ತಲೆಗೆ ಬಿಳಿ ಟೋಪಿ. ಇನ್ಸ್‌ಪೆಕ್ಟರ್ ಬಿಲ್ಲೆಯನ್ನು ಅಂಗೈಯಲ್ಲಿಟ್ಟು ಮುಂದೆ ಹಿಡಿದ.

"ಇದು ಇನ್ನೂ ಗೊಂಬೆ ಬಾಗಿಲಲ್ಲೇ ಇತ್ತು. ಹಾಕಿದೋರೇ ತೆಗೀಬೇಕಂತಲ್ಲ. ಯಾರು ತೆಗೀತೀರಿ?"

ಬಿಸಿನೀರಿನ ಪೈಪು ತೊಟ್ಟಿಕ್ಕುತ್ತಿತ್ತು. ನಾಲ್ವರಲ್ಲಿ ಎಲ್ಲರಿಗಿಂತ ಹಿರಿಯಳು, ಉಳಿದವರು ಟ್ಯಾಂಕಕ್ಕ ಎಂದು ಕರೆಯುವವಳು, ಮುಂದೆ ಬಂದಳು. ಬಿಲ್ಲೆ ತೆಗೆದುಕೊಂಡು, ಸೊಂಟದ ಬಟ್ಟೆಗೆ ಒರೆಸಿ, ಖಾಲಿ ಕೊಕ್ಕೆಗೆ ಹಾಕಿದಳು. ಆಮೇಲೆ ಕೇಳಿದಳು, "ವಾಚ್‌ಮನ್ ಹೇಗಿದಾನೆ ಸಾರ್?"

"ಇನ್ನೂ ಎಚ್ಚರ ಆಗಿಲ್ಲ."

"ಅಕ್ಕಾ, ನೀನಾ?" ಎಂದು ಪೈಪಿನವಳು ಬಾಯಿ ಮುಚ್ಚಿಕೊಂಡಳು. ಮ್ಯಾನೇಜರ್ ಮಾತ್ರ ಆಶ್ಚರ್ಯಪಡಲಿಲ್ಲ. ಇನ್ಸ್‌ಪೆಕ್ಟರ್ ಅದನ್ನು ಗಮನಿಸಿದ.

ಠಾಣೆಯಲ್ಲಿ ಅವಳ ಮುಂದೆ ನೀರಿಟ್ಟರು. ಅವಳು ಕುಡಿಯಲಿಲ್ಲ.

"ಯಾವಾಗ ಹೋದ್ರಿ?"

"ಬೆಳಗಿನ ಪಾಳಿಗೆ ಮುಂಚೆ. ಕತ್ಲೆ ಇತ್ತು. ಕ್ಯಾಬಿನ್ ಇಣುಕಿ ನೋಡ್ದೆ, ಅವನಿರ್ಲಿಲ್ಲ. ಮನೆಗೆ ಹೋಗಿದಾನೆ ಅನ್ಕೊಂಡೆ."

"ಬಿಲ್ಲೆ ಯಾಕೆ ಹಾಕಿದ್ರಿ?"

"ಡೇರಿಯಿಂದ ಸ್ಪ್ಯಾನರ್ ತಗೊಳ್ಳುವಾಗ ರೂಢಿ ಮೇಲೆ ಬಿಲ್ಲೆನೂ ತಗೊಂಡಿದ್ದೆ. ಅದೇ ಮುಚ್ಚಳ ಸಾರ್. ಅದೇ ಹಿಡಿ. ಹಾಕಿದ್ದೇ ನಂಗೆ ಗೊತ್ತಾಗ್ಲಿಲ್ಲ. ಬರ್ತಾ ತೆಗೀತಿದ್ದೆ. ಕೆಳಗಿಂದ ಅವನ ನರಳಾಟ ಕೇಳಿಸ್ತು, ಅವನ ಹತ್ರ ಓಡ್ದೆ, ಬಿಲ್ಲೆ ಮರ್ತೇಹೋಯ್ತು."

"ಅವನು ಅಲ್ಲಿ ಮಲಗಿದಾನೆ ಅಂತ ಗೊತ್ತಿದ್ದಿದ್ರೆ?"

"ಎಬ್ಬಿಸಿ, ಆಚೆ ಕಳ್ಸಿ, ಆಮೇಲೆ ಕೀಳ್ತಿದ್ದೆ."

ಹೆಡ್ ಕಾನ್‌ಸ್ಟೇಬಲ್ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದ. "ಆ ಮುಖ ನಿಂಗೇನಮ್ಮ ಮಾಡಿತ್ತು?"

"ನನ್ನ ಮಗಳದು."

ಅವಳು ಹೇಳಿದ್ದು ಇಷ್ಟು. ಎರಡು ವರ್ಷದ ಹಿಂದೆ ಪ್ರತಿಮೆಗೆ ಮುಖ ಹುಡುಕುತ್ತಿದ್ದಾಗ ಮ್ಯಾನೇಜರ್ ಊಟದ ಬಿಡುವಿನಲ್ಲಿ, ನಿಮ್ಮ ಪೈಕಿ ಯಾರ ಮನೆಯಲ್ಲಿ ಲಕ್ಷಣವಾದ ಹುಡುಗಿ ಇದ್ದಾಳೆ ಎಂದು ಕೇಳಿದ್ದ. ಇವಳೇ ಕೈ ಎತ್ತಿದ್ದಳು. ಹುಡುಗಿಗೆ ಆಗ ಹದಿನೇಳು. ಪ್ರತಿಮೆ ಎದ್ದ ಮೊದಲ ವಾರ ತಾಯಿ ಮಗಳು ಇಬ್ಬರೂ ಹೋಗಿ ನೋಡಿ ಬಂದರು, ನಗಾಡಿದರು. ಆಮೇಲೆ ಫೋಟೋಗಳು ಫೋನಿನಿಂದ ಫೋನಿಗೆ ಹೋದವು. ಲಂಗದ ಕೆಳಗಿನವು, ಎದೆಗೆ ಕೈ ಚಾಚಿದವು, ಕೆಳಗೆ ಏನೇನೋ ಬರೆದವು. ಕಾಲೇಜಿನ ದಾರಿಯಲ್ಲಿ, ದೊಡ್ಡಹುಡುಗಿ ಇವತ್ತು ಕೆಳಗೆ ಇಳಿದು ಬಂದಿದಾಳೆ ನೋಡ್ರೋ, ಎಂದು ಕೂಗುವವರು ಹುಟ್ಟಿಕೊಂಡರು. ವಾಚ್‌ಮನ್ ಬಸ್ಸಿನವರಿಗೆ ಇವರ ಮನೆಯ ದಾರಿ ತೋರಿಸತೊಡಗಿದ. ಹುಡುಗಿ ಕಾಲೇಜು ಬಿಟ್ಟಳು. ಕಿಟಕಿ ಮುಚ್ಚಿದಳು. ಒಂದು ವರ್ಷದಿಂದ ಹೊಸ್ತಿಲು ದಾಟಿಲ್ಲ.

"ಮ್ಯಾನೇಜರಿಗೆ ಹೇಳಿದ್ರಾ?"

"ಮೂರು ಸಲ. ಬೇರೆ ಮುಖ ಹಾಕ್ಸಿ ಸಾರ್ ಅಂತ ಕಾಲು ಹಿಡ್ಕೊಂಡೆ. ಊರಿಗೆಲ್ಲ ಗೊತ್ತಾಗೋ ಹಾಗೆ ಮಾಡಿದೀವಿ, ಪುಣ್ಯ ಅನ್ಕೋ ಅಂದ್ರು."

ಸಂಜೆ ನಾಲ್ಕಕ್ಕೆ ದಸ್ತಗಿರಿ ತೋರಿಸಿದರು. ಅವಳು ಸಹಿ ಹಾಕಿದಳು. ಅಳಲಿಲ್ಲ. ದೊಡ್ಡ ಕೆಲಸವೊಂದು ಮುಗಿದ ಹಾಗೆ ಬೆಂಚಿನ ಮೇಲೆ ಕೂತಿದ್ದಳು. ಅಷ್ಟರಲ್ಲಿ ಮ್ಯಾನೇಜರ್ ಬಂದ.

"ನನ್ನ ಹತ್ರ ಯಾಕೆ ಮುಚ್ಚಿಟ್ರಿ?" ಇನ್ಸ್‌ಪೆಕ್ಟರ್ ಕೇಳಿದ. "ಶಿಲ್ಪಿ ಬಾಯೂ ನೀವೇ ಮುಚ್ಚಿಸಿದ್ದಾ?"

"ಡೇರಿ ಹೆಸರು ಕೆಡತ್ತಲ್ಲ ಸಾರ್. ಹೋಗ್ಲಿ ಬಿಡಿ, ಸಿಕ್ಕಿಬಿದ್ಳಲ್ಲ. ಹದಿನೈದು ದಿನದಲ್ಲಿ ಹೊಸ ಮುಖ ಕೂರಿಸ್ತೀವಿ. ಅಚ್ಚು ಹೇಗೂ ಶೆಡ್ಡಲ್ಲಿದೆ, ಫೈಬರ್ ಹಾಕಿ ಎತ್ತೋದಷ್ಟೇ. ಅದೇ ಮುಖ, ಒಂದು ಕೂದಲೂ ಆಚೀಚೆ ಆಗಲ್ಲ."

ಬೆಂಚಿನಿಂದ ದನಿ ಬಂತು. "ಅಚ್ಚು?" ಎಂದಳು ಟ್ಯಾಂಕಕ್ಕ. "ಅದು ಇನ್ನೂ ಇದೆಯಾ?"

ಇಪ್ಪತ್ತು ವರ್ಷ ಹಾಲಿನ ಟ್ಯಾಂಕಿನೊಳಗೆ ದುಡಿದವಳು. ಅಲ್ಲಿ ತೊಳೆದದ್ದು ತೊಳೆದುಹೋಗುತ್ತದೆ. ಕಿತ್ತ ಮುಖವನ್ನು ಮತ್ತೆ ಎರಕ ಹೊಯ್ಯಬಹುದು ಎಂಬುದು ಅವಳಿಗೆ ಹೊಳೆದಿರಲಿಲ್ಲ. ಬೆಂಚಿನಿಂದ ಜಾರಿ ನೆಲದ ಮೇಲೆ ಕೂತಳು. ಮಹಿಳಾ ಕಾನ್‌ಸ್ಟೇಬಲ್ ಎತ್ತಲು ಹೋದರೆ ಏಳಲಿಲ್ಲ.

ಗುರುವಾರ ಬೆಳಿಗ್ಗೆ ಇನ್ಸ್‌ಪೆಕ್ಟರ್ ಅದೇ ಪಂಚರನ್ನು ಕರೆದುಕೊಂಡು ಶಿಲ್ಪಿಯ ಶೆಡ್ಡಿಗೆ ಹೋದ. 'ಸ್ಥಳದಲ್ಲಿ ದೊರೆತ ತುಂಡುಗಳ ಜೊತೆ ಹೋಲಿಕೆಗಾಗಿ ಅಚ್ಚು, ಒಂದು' ಎಂದು ಜಪ್ತಿ ಪಂಚನಾಮೆಯಲ್ಲಿ ಬರೆಸಿದ. ಮ್ಯಾನೇಜರ್ ಓಡಿ ಬಂದ.

"ಹೋಲಿಸೋಕೆ ಏನಿದೆ ಇದರಲ್ಲಿ? ಯಾವಾಗ ವಾಪಸ್ ಕೊಡ್ತೀರಿ?"

"ಕೋರ್ಟ್ ಹೇಳಿದಾಗ."

"ಅದು ವರ್ಷಗಟ್ಟಲೆ ಆಗತ್ತಲ್ರೀ!"

"ಆಗಬಹುದು."

ಅಚ್ಚು ಠಾಣೆಯ ಉಗ್ರಾಣದ ಬಾಗಿಲಿಗೆ ಹಿಡಿಸಲಿಲ್ಲ. ಹಿತ್ತಲ ಗೋಡೆಗೆ ಒರಗಿಸಿ, ಟಾರ್ಪಾಲಿನ್ ಹೊದಿಸಿ, ಹಗ್ಗ ಕಟ್ಟಿದರು. ಆಸ್ಪತ್ರೆಯಿಂದ ಫೋನ್ ಬಂತು. ವಾಚ್‌ಮನ್ ಕಣ್ಣು ಬಿಟ್ಟಿದ್ದ, ಹೆಂಡತಿಯ ಗುರುತು ಹಿಡಿದಿದ್ದ, ಎಡಗಿವಿ ಕೇಳಿಸುತ್ತಿರಲಿಲ್ಲ.

ಹನ್ನೊಂದರ ಹೊತ್ತಿಗೆ ಸ್ಕಾರ್ಫಿನಲ್ಲಿ ಕಣ್ಣಷ್ಟೇ ಬಿಟ್ಟು ಮುಖ ಸುತ್ತಿಕೊಂಡ ಹುಡುಗಿಯೊಬ್ಬಳು ಠಾಣೆಯ ಮೆಟ್ಟಿಲ ಬಳಿ ನಿಂತಿದ್ದಳು. ಕೈಯಲ್ಲಿ ಔಷಧಿ ಅಂಗಡಿಯ ಪೊಟ್ಟಣ.

"ಅಮ್ಮನ ಬಿಪಿ ಮಾತ್ರೆ," ಎಂದಳು.

ಮಹಿಳಾ ಕಾನ್‌ಸ್ಟೇಬಲ್ ಒಳಗೆ ಕರೆದೊಯ್ದಳು. ತಾಯಿ ಮಗಳು ಸರಳಿನ ಆಚೆ ಈಚೆ ನಿಂತು ಏನು ಮಾತಾಡಿದರೋ ಹೊರಗೆ ಕೇಳಿಸಲಿಲ್ಲ. ಒಮ್ಮೆ ಮಾತ್ರ ತಾಯಿಯ ದನಿ ಏರಿತು. "ಹೇಗೆ ಬಂದೆ? ನಡ್ಕೊಂಡಾ? ಒಬ್ಳೇ?"

ಹೊರಗೆ ಬಂದ ಹುಡುಗಿ ಹಿತ್ತಲಲ್ಲಿ ನಿಂತಳು. "ಅದೇನು?"

"ಮುದ್ದೆಮಾಲು," ಎಂದ ಹೆಡ್ ಕಾನ್‌ಸ್ಟೇಬಲ್. ಆಮೇಲೆ ದನಿ ಇಳಿಸಿ, "ಕೇಸಿನ ಸಾಮಾನಮ್ಮ. ಕೇಸು ಮುಗಿಯೋವರೆಗೂ ಇಲ್ಲೇ ಇರತ್ತೆ."

ಅವಳು ಕೇಳದೆಯೇ ಹಗ್ಗ ಸಡಿಲಿಸಿ ಟಾರ್ಪಾಲಿನ್ ಎತ್ತಿದಳು. ಅವನು ತಡೆಯಲಿಲ್ಲ. ಒಳಮುಖವಾಗಿ ತಗ್ಗಾದ ಮೂಗು, ಒಳಕ್ಕೆ ಹೋದ ತುಟಿ. ಸ್ವಲ್ಪ ಹೊತ್ತು ನೋಡಿ ಟಾರ್ಪಾಲಿನ್ ಇಳಿಸಿದಳು. ಹಗ್ಗಕ್ಕೆ ಎರಡು ಗಂಟು ಹಾಕಿ, ಎಳೆದು ನೋಡಿ, ರಸ್ತೆಗೆ ಇಳಿದಳು. ಸ್ಕಾರ್ಫ್ ಬಿಚ್ಚಲಿಲ್ಲ.

ಕಿಟಕಿಯಿಂದ ಅವಳು ತಿರುವು ದಾಟುವವರೆಗೂ ನೋಡಿದ ಇನ್ಸ್‌ಪೆಕ್ಟರ್ ವರದಿ ಮುಂದೆ ಎಳೆದುಕೊಂಡ. ಕೃತ್ಯದ ಉದ್ದೇಶ ಎಂಬಲ್ಲಿ ಹೆಡ್ ಕಾನ್‌ಸ್ಟೇಬಲ್ 'ದ್ವೇಷ' ಎಂದು ಬರೆದಿದ್ದ. ಅವನು ಅದನ್ನು ಹೊಡೆದುಹಾಕಿ ಬರೆದ. 'ಮಗಳು ಮನೆಯಿಂದ ಹೊರಗೆ ಬರಲಿ ಎಂದು.'