ನೀಲಿ ಕಂಡದ್ದನ್ನೆಲ್ಲ ಕಿತ್ತರು

ಉರುಳೆಗಳ ಮೇಲೆ ನಿಲ್ಲಿಸಿದ್ದ ಕಾರಿನ ಚಕ್ರಗಳು ನಿಂತಲ್ಲೇ ಗರಗರ ತಿರುಗತೊಡಗಿದವು. ತಲೆಯ ಮೇಲೆ ತೂಗುತ್ತಿದ್ದ ಹೊರೆಗಣ್ಣು ಎಂಬ ಯಂತ್ರ ಸಣ್ಣಗೆ ಗುಂಯ್‌ಗುಟ್ಟಿತು. ಮರುಕ್ಷಣ ಪರದೆಯ ಮೇಲೆ ಆ ಎರಡು ಸೀಟಿನ ಪುಟ್ಟ ಕಾರು ಎರಡೇ ಬಣ್ಣದಲ್ಲಿ ಎದ್ದು ನಿಂತಿತು. ಭಾರ ಹೊತ್ತು ದುಡಿಯುವ ಭಾಗವೆಲ್ಲ ಕೆಂಪು, ಸುಮ್ಮನೆ ಕೂತದ್ದೆಲ್ಲ ನೀಲಿ. ಕಾರ್ಪೆಟ್, ಎ.ಸಿ., ಪಕ್ಕದ ಸೀಟು, ಬಾಗಿಲಿನ ಒಳಹೊದಿಕೆ ಎಲ್ಲ ನೀಲಿ. ಮದುವೆಮನೆಯಲ್ಲಿ ಕೆಲಸವಿಲ್ಲದೆ ಓಡಾಡುವ ನೆಂಟರ ಹಾಗೆ.

ಯಾವುದೇ ವಸ್ತುವಿನೊಳಗೆ ಕಿವಿಗೆ ಕೇಳದಷ್ಟು ಸೂಕ್ಷ್ಮವಾದ ಸದ್ದಿನ ಅಲೆಯನ್ನು ಹಾಯಿಸಿ, ಅದು ಎಲ್ಲಿ ಬಿಗಿದಿದೆ, ಎಲ್ಲಿ ಸಡಿಲಿದೆ ಎಂದು ಹೊರೆಗಣ್ಣು ಓದುತ್ತಿತ್ತು. ಡಾಕ್ಟರ್ ನೀಲಾಂಬಿಕಾ ಅದನ್ನು ಸೇತುವೆಗಳಿಗಾಗಿ ಕಂಡುಹಿಡಿದಿದ್ದರು. ಆದರೆ ಓಡುವ ವಸ್ತುವಿನ ಮೇಲೂ ಪರೀಕ್ಷಿಸಬೇಕಿತ್ತು. ಬಸವಂತನ ಕಾರು ಸಿಕ್ಕಿತು.

ಬಸವಂತ ಬೆಳಗಾವಿಯ ಫೌಂಡ್ರಿಯೊಂದರಲ್ಲಿ ಎರಕದ ಮಾದರಿ ಕೆತ್ತುವವನು. ಕೆಲವು ವರ್ಷಗಳ ಹಿಂದೆ ಅಚ್ಚಿನ ಪೆಟ್ಟಿಗೆ ಬೆನ್ನಿನ ಮೇಲೆ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿತ್ತು. ಈಗ ಗಾಲಿಕುರ್ಚಿ. ಹಾಗೆಂದು ಕಾರಿನ ಹುಚ್ಚು ಇಳಿದಿರಲಿಲ್ಲ. ಬ್ರೇಕಿಗೆ ಒಂದು ಸನ್ನೆಕೋಲು, ವೇಗಕ್ಕೆ ಸ್ಟಿಯರಿಂಗಿನ ಹಿಂದೊಂದು ಬಳೆ, ಹೀಗೆ ಎಲ್ಲವನ್ನೂ ಕೈಯಿಂದಲೇ ನಡೆಸುವಂತೆ ತಾನೇ ಎರಕ ಹೊಯ್ದು ಮಾಡಿಕೊಂಡಿದ್ದ.

ಊರಾಚೆಯ ಹಳೆಯ ವಿಮಾನಪಟ್ಟಿಯ ಮೇಲೆ ಕಾರು ಕ್ಲಬ್ಬಿನವರು ಹೊಸಬರಿಗೆ ರೇಸ್ ನಡೆಸುತ್ತಿದ್ದರು. ಮೊದಲ ರೇಸಿನಲ್ಲಿ ಮುಂಚೂಣಿಯ ಕಾರು ಒಂದು ಸುತ್ತು ಹೆಚ್ಚು ಹಾಕಿ ನಿಮ್ಮನ್ನು ದಾಟದಿದ್ದರೆ ರೇಸ್ ಲೈಸೆನ್ಸ್. ದಾಟಿದರೆ ಬಸವಂತನಂಥವರಿಗೆ ಪ್ರದರ್ಶನದ ಸುತ್ತು ಮಾತ್ರ. ಒಂದು ಹಾರ, ಒಂದಿಷ್ಟು ಚಪ್ಪಾಳೆ.

"ಹಾರ ಹಾಕಿಸಿಕೊಳ್ಳಾಕ ನಾ ಏನ್ ಸತ್ತೀನೇನ್ರಿ?" ಎಂದಿದ್ದ ಬಸವಂತ. "ನನಗ ನಂಬರ್ ಬೇಕು. ಕಡೇ ನಂಬರಾದರೂ ಚಿಂತಿಲ್ಲ."

"ಡಾಕ್ಟರಬಾಯಿ, ಇವರ ಹೊಟ್ಟಿ ಯಾವ ಬಣ್ಣ ಕಾಣ್ತೈತಿ ನೋಡ್ರಿ. ನೀಲಿ ಇದ್ದರ ಮೊದಲ ಅದನ್ನ ಕೊಯ್ಯೂಣು," ಎಂದಳು ಹೆಂಡತಿ ಶೈಲಾ, ಕೈಯಲ್ಲಿ ಸ್ಪ್ಯಾನರ್ ಆಡಿಸುತ್ತ.

ನೀಲಾಂಬಿಕಾ ನಕ್ಕರು. "ಇದು ಮನುಷ್ಯರನ್ನು ನೋಡುವುದಿಲ್ಲಮ್ಮ. ಮೈಯ ಅದುರಾಟ ಸೇರಿದರೆ ಲೋಹದ ಚಿತ್ರ ಕೆಡುತ್ತದೆ ಅಂತ ಅದನ್ನು ಸೋಸಿಬಿಟ್ಟಿದ್ದೇನೆ. ಇದರ ಲೆಕ್ಕದಲ್ಲಿ ನಿಮ್ಮ ಯಜಮಾನರು ಒಂದು ಮೂಟೆ."

"ಮೂಟೆ ಖರೇ," ಎಂದಳು ಶೈಲಾ.

ಮೂವರೂ ಸೇರಿ ನೀಲಿ ಕಂಡದ್ದನ್ನೆಲ್ಲ ಕಿತ್ತರು. ಬೆಂಕಿ ಆರಿಸುವ ಸಿಲಿಂಡರೂ ನೀಲಿಯೇ. ಅದಕ್ಕೆ ಮಾತ್ರ ಶೈಲಾ ಕೈಹಚ್ಚಗೊಡಲಿಲ್ಲ. ಕಾರು ಉರುಳಿದರೆ ತಲೆ ಕಾಯಲು ಉಕ್ಕಿನ ಕೊಳವೆಗಳ ಪಂಜರ ಕೂರಿಸಿದರು. ಕೊನೆಗೆ ಉಳಿದದ್ದು ಎಡಗಾಲು ಇಡುವ ಅಲ್ಯೂಮಿನಿಯಂ ಮೆಟ್ಟು. ಅದೂ ನೀಲಿ. "ಸತ್ತ ಕಾಲಿಗೆ ಮೆಟ್ಟ್ಯಾಕ?" ಎಂದು ಬಸವಂತನೇ ಅದರ ಬೋಲ್ಟು ಬಿಚ್ಚಿಸಿದ.

ಕಾರು ಹಗುರಾಯಿತು. ಆದರೆ ಅಭ್ಯಾಸಕ್ಕೆ ಇಳಿದಾಗ ಮೊದಲಿಗಿಂತ ನಿಧಾನವಾಗಿತ್ತು!

ಟೈರಿನ ಗಾಳಿ ಬದಲಿಸಿದರು. ಸ್ಪ್ರಿಂಗ್ ಬದಲಿಸಿದರು. ಏನೂ ಆಗಲಿಲ್ಲ. ಬಲಕ್ಕೆ ತಿರುಗುವಾಗಲೆಲ್ಲ ಬಸವಂತನ ಮೈ ಸೀಟಿನಲ್ಲಿ ಎಡಕ್ಕೆ ಜಾರುತ್ತಿತ್ತು. ಬೀಳದಂತೆ ಸ್ಟಿಯರಿಂಗ್ ಹಿಡಿದು ಜೋತುಬಿದ್ದರೆ, ಬ್ರೇಕ್ ಹಾಕಲು ಕೈಯೇ ಉಳಿಯುತ್ತಿರಲಿಲ್ಲ. ರೇಸಿಗೆ ಒಂದೇ ವಾರ ಬಾಕಿ.

"ಮೊದಲು ಹೀಂಗ ಜಾರತಿರಲಿಲ್ಲ," ಎಂದ ಬಸವಂತ, ಬೆವರು ಒರೆಸಿಕೊಳ್ಳುತ್ತ.

ನೀಲಾಂಬಿಕಾ ಆ ಮಾತು ಹಿಡಿದುಕೊಂಡರು. ಜಾರುತ್ತಿರುವುದು ಮೂಟೆ. ಹಾಗಾದರೆ ಮೂಟೆಯನ್ನೇ ನೋಡಬೇಕು. ಹೊರೆಗಣ್ಣನ್ನು ಕಾರಿನೊಳಗೆ ಕಟ್ಟಿ, ಮೈಯನ್ನು ಸೋಸುವ ಏರ್ಪಾಟು ತೆಗೆದುಹಾಕಿ, "ಇನ್ನೊಂದು ಸುತ್ತು ಹೋಗಿಬನ್ನಿ" ಎಂದರು.

ಕಾರು ಬಲ ತಿರುವಿಗೆ ಬಂದಾಗ, ಅಭ್ಯಾಸಕ್ಕೆ ಬಂದವರೆಲ್ಲ ಇಣುಕುತ್ತಿದ್ದ ಪರದೆಯಲ್ಲಿ ತೋಳು ಕೆಂಪಾಯಿತು, ಹೆಗಲು ಕೆಂಪಾಯಿತು. ಆಮೇಲೆ ಎಡತೊಡೆಯ ನಡುವೆ, ಊದಿನಕಡ್ಡಿಯ ತುದಿಯಂತೆ, ಒಂದು ಕೆಂಪು ಗೆರೆ ಮಿನುಗಿತು. ತಿರುವು ಮುಗಿದಾಗ ಆರಿತು. ಮುಂದಿನ ಬಲ ತಿರುವಿನಲ್ಲಿ ಮತ್ತೆ ಹೊತ್ತಿತು.

ಬಸವಂತ ಮರಳಿ ಬಂದಾಗ ಹೆಂಗಸರಿಬ್ಬರೂ ಇನ್ನೂ ಪರದೆಯನ್ನೇ ನೋಡುತ್ತಿದ್ದರು.

"ಏನಾತು? ಕಾರು ಕೆಟ್ಟೈತೇನು?"

"ಕಾರಲ್ಲ, ನಿಮ್ಮ ಕಾಲು," ಎಂದರು ನೀಲಾಂಬಿಕಾ. "ಅದು ಒತ್ತುತ್ತಿದೆ. ಎರಡೋ ಮೂರೋ ಎಳೆ ನರ ಉಳಿದಿರಬೇಕು. ನಡೆಯುವುದಕ್ಕೆ ಸಾಲದು, ನಿಲ್ಲುವುದಕ್ಕೂ ಸಾಲದು. ಸುಳ್ಳು ಆಸೆ ಹುಟ್ಟಿಸಲಾರೆ. ಆದರೆ ಇಷ್ಟು ದಿನ ತಿರುವಿನಲ್ಲಿ ಮೆಟ್ಟನ್ನು ಒದ್ದು ನಿಮ್ಮ ಮೈಯನ್ನು ಹಿಡಿದದ್ದು ಅದೇ. ಉರುಳೆಯ ಮೇಲೆ ತಿರುವೆಲ್ಲಿ ಬರಬೇಕು? ಅದಕ್ಕೇ ಮೆಟ್ಟು ನೀಲಿ ಕಂಡಿತು."

"ನನಗೇನೂ ಗೊತ್ತಾಗಂಗಿಲ್ಲಲ್ರಿ!"

"ನಿಮಗೆ ಹೇಳದೆಯೇ ದುಡಿಯುತ್ತಿತ್ತು."

ಶೈಲಾ ಬಗ್ಗಿ ಕಾರಿನೊಳಗೆ ಕೈಹಾಕಿ ಅವನ ಮೊಣಕಾಲಿನ ಮೇಲೆ ಅಂಗೈ ಇಟ್ಟಳು. "ನಾವ ಅದರ ಮೆಟ್ಟು ಕಿತ್ತಿವಿ ನೋಡ್ರಿ," ಎಂದಳು.

ಆ ವಾರ ಫೌಂಡ್ರಿಯಲ್ಲಿ ಹೊಸ ಮೆಟ್ಟು ಎರಕವಾಯಿತು. ಮೊದಲಿನದಕ್ಕಿಂತ ಅಗಲ, ಪಾದ ಜಾರದಂತೆ ಪಟ್ಟಿ, ಮೊಣಕಾಲಿಗೊಂದು ಒರಗು.

ರೇಸಿನ ದಿನ ಬಸವಂತ ಕಟ್ಟಕಡೆಯ ಸ್ಥಾನದಿಂದ ಹೊರಟ. ಕಾಲು ಮೈಯನ್ನು ಹಿಡಿದಿತ್ತು. ಕೈಗೆ ಉಳಿದದ್ದು ಕಾರು ನಡೆಸುವ ಕೆಲಸ ಮಾತ್ರ. ಕೊನೆಯ ಸುತ್ತಿಗೆ ಬರುವಾಗ ಕನ್ನಡಿಯಲ್ಲಿ ಮುಂಚೂಣಿಯ ಕೆಂಪು ಕಾರು ಕಂಡಿತು. ಅದು ದಾಟಿತೋ, ಹಾರ ಗಟ್ಟಿ. ಬಲ ತಿರುವು ಬಂತು. ಎಂದೂ ಮಾಡದಷ್ಟು ತಡವಾಗಿ ಬ್ರೇಕಿನ ಸನ್ನೆಕೋಲು ಎಳೆದ. ಹಿಂದಿನ ಚಕ್ರ ಕಿರುಚಿತು, ಮೈ ಮಾತ್ರ ಅಲುಗಲಿಲ್ಲ. ತಿರುವಿನಿಂದ ಹೊರಬಿದ್ದಾಗ ಕೆಂಪು ಕಾರು ಹಿಂದೆಯೇ ಉಳಿದಿತ್ತು. ಮುಂದೆ ಓಡುತ್ತಿದ್ದ ಪೋತದಾರ ಎಂಬ ಹುಡುಗನ ಕಾರು ಪಕ್ಕಕ್ಕೆ ಬಂದಿತ್ತು, ಅನಂತರ ಹಿಂದಕ್ಕೆ ಹೋಯಿತು.

ಎಂಟು ಕಾರುಗಳಲ್ಲಿ ಏಳನೆಯ ಸ್ಥಾನ, ಜೊತೆಗೆ ಲೈಸೆನ್ಸ್. ಒಂದು ನಿಜವಾದ ನಂಬರ್. ಶೈಲಾ ಕೂಗಿದ ಕೂಗಿಗೆ ಧ್ವನಿವರ್ಧಕ ಮಂಕಾಯಿತು.

ಮುಂದೆ ಹೊರೆಗಣ್ಣು ಸೇತುವೆಗಳಿಗಿಂತ ಆಸ್ಪತ್ರೆಗಳಲ್ಲೇ ಹೆಚ್ಚು ಕೆಲಸ ಮಾಡಿತು. ಸತ್ತವೆಂದು ಬಿಟ್ಟಿದ್ದ ಎಷ್ಟೋ ಕೈಕಾಲುಗಳಲ್ಲಿ ಆ ಕೆಂಪು ಗೆರೆ ಹುಡುಕಿತು. ಆದರೆ ರೇಸಿನ ಆ ಮಧ್ಯಾಹ್ನ ನಡೆದದ್ದೇ ಬೇರೆ.

ಪೋತದಾರ ಕ್ಲಬ್ಬಿನ ಪರೀಕ್ಷಕರ ಬಳಿ ತಕರಾರು ತೆಗೆದ. ಕಾಲಿನ ಸ್ವಾಧೀನವಿಲ್ಲದವರ ಕಾರು ಇತರರದಕ್ಕಿಂತ ಹಗುರವಿರಬಹುದೆಂದು ನಿಯಮದಲ್ಲಿ ರಿಯಾಯಿತಿಯಿತ್ತು. "ಇವರ ಕಾಲು ಕೆಲಸ ಮಾಡ್ತೈತ್ರಿ ಸರ್! ಅಭ್ಯಾಸದ ದಿನ ಪರದೆಯೊಳಗ ಎಲ್ಲಾರೂ ನೋಡ್ಯಾರ. ರಿಯಾಯಿತಿ ಯಾಕ?"

ಪರೀಕ್ಷಕರು ತಲೆ ಕೆರೆದುಕೊಂಡರು. ಸ್ಥಾನ ಹಾಗೇ ಇರಲಿ, ಆದರೆ ಮುಂದಿನ ರೇಸಿನಿಂದ ಕಾರಿಗೆ ಎಲ್ಲರಷ್ಟೇ ತೂಕ ಬರುವಂತೆ ಕಬ್ಬಿಣ ಕಟ್ಟಬೇಕು ಎಂದು ತೀರ್ಪಿತ್ತರು.

ನೀಲಾಂಬಿಕಾ ಸಿಟ್ಟಿಗೆದ್ದರು. "ತಿಂಗಳುಗಟ್ಟಲೆ ಚೂರುಚೂರು ತೂಕ ಕಿತ್ತಿದ್ದೇವೆ! ನೀವಾದರೂ ಹೇಳಿ ಬಸವಂತಪ್ಪ, ಇದು ಅನ್ಯಾಯ ಅಂತ."

ಬಸವಂತ ನಗುತ್ತಿದ್ದ. ಕಣ್ಣಲ್ಲಿ ನೀರಿತ್ತು. ಪೋತದಾರನ ಕೈಹಿಡಿದು ಜೋರಾಗಿ ಕುಲುಕಿದ.

"ತಮ್ಮಾ, ನನ್ನ ಕಾಲಿಗೆ ಅಂಜಿದಾಂವ ನೀನೊಬ್ಬನ," ಎಂದ. "ಶೈಲಾ, ಫೌಂಡ್ರಿಗೆ ಫೋನ್ ಹಚ್ಚು. ಕಬ್ಬಿಣ ಕಾಯಾಕ ಇಡ್ರಿ ಅನ್ನು."