ಜ್ವರಕ್ಕೆ ಕೂತ ನಾಲ್ಕು ತಟ್ಟೆ

ಎದುರುಮನೆಯಿಂದ ಮುತ್ತಮ್ಮನ ಕೂಗು ಕೇಳಿದಾಗ ಮುನಿತಾಯಮ್ಮ ತನ್ನ ಜಗಲಿಯ ಮೇಲೆ ಕೂತು, ಆ ಹುಡುಗಿಯ ಅತ್ತೆ ಸೊಣ್ಣಮ್ಮನಿಗೆ ಒಂದು ಚೂರು ಹೊಗೆಸೊಪ್ಪು ಮುರಿದು ಕೊಡುತ್ತಿದ್ದಳು. ಹಿಂದಿನ ದಿನ ಇಬ್ಬರೂ ಸಂತೆಗೆ ನಡೆದು ಹೋಗಿ ಬಂದಿದ್ದರು. ಕಾಲು ಇನ್ನೂ ಎಳೆಯುತ್ತಿತ್ತು.

“ಚಿಕ್ಕಮ್ಮಾ! ಬೇಗ ಬನ್ನಿ, ಹುಳ ನೋಡ್ಬನ್ನಿ!”

ಮುನಿತಾಯಮ್ಮ ಕೈಗೆ ಬೂದಿ ಹಚ್ಚಿ, ಉಜ್ಜಿ ತೊಳೆದುಕೊಂಡೇ ಓಡಿದಳು. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಹುಳುಮನೆಗೆ ಹೋಗುವ ತಪ್ಪನ್ನು ರೇಷ್ಮೆ ಸಾಕುವ ಮಧುರೆ ಹೋಬಳಿಯ ಯಾವ ಹೆಂಗಸೂ ಮಾಡುವುದಿಲ್ಲ.

ಒಳಗೆ ರೇಷ್ಮೆ ಹುಳದ ಬಿದಿರು ತಟ್ಟೆಗಳು ಸಾಲಾಗಿದ್ದವು. ಇನ್ನೊಂದು ವಾರಕ್ಕೆ ಗೂಡು ಕಟ್ಟಬೇಕಿದ್ದ ಹುಳ. ಬೆಳಗಿನ ಹಿಪ್ಪುನೇರಳೆ ಸೊಪ್ಪು ಹಾಕಿ ಒಂದು ಗಂಟೆಯೂ ಆಗಿರಲಿಲ್ಲ. ತಲೆ ಮೇಲೆತ್ತಿ, ಬಾಯಿಂದ ಹಸಿರು ನೀರು ಕಾರಿ ಸತ್ತು ಬಿದ್ದಿದ್ದವು.

ಸೊಣ್ಣಮ್ಮ ನಿಧಾನವಾಗಿ ಬಂದು ಹೊಸ್ತಿಲಾಚೆಯೇ ನಿಂತಳು.

“ತಂತಿ,” ಅಂದಳು. “ಎಂಟು ವರ್ಷದಿಂದ ಬಡ್ಕೊಂಡೆ. ಯಾರು ಕೇಳಿದ್ರಿ?”

ಕರೆಂಟಿನ ದೊಡ್ಡ ಲೈನು ಹುಳುಮನೆಯ ಸೂರಿನ ಮೇಲೇ ಹಾದಿತ್ತು. ಎಳೆದದ್ದು ಅರವತ್ತೈದರಲ್ಲಿ. ಅಂದಿನಿಂದ ಹಗಲೂ ರಾತ್ರಿ ಅದೇ ಗುಂಯ್ ಶಬ್ದ. ಅದರ ಕೆಳಗೆ ಬಟ್ಟೆ ಹರವುವ ಕಬ್ಬಿಣದ ತಂತಿ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಸೊಣ್ಣಮ್ಮನಿಗೆ ತಲೆನೋವು ಶುರುವಾದದ್ದೂ, ನಿದ್ದೆ ಹೋದದ್ದೂ ಅಂದಿನಿಂದಲೇ. ಡಾಕ್ಟರು ರಕ್ತ ಕಮ್ಮಿ ಅಂದರು. ಗಂಡ ವೆಂಕಟರಮಣಪ್ಪ ಕೆಲಸಗಳ್ಳಿ ಅಂದ. ‘ವಯಸ್ಸು ಕಣಕ್ಕ’ ಅಂದವಳು ಮುನಿತಾಯಮ್ಮ. ಲೈನು ಬೇರೆ ಕಡೆ ಸರಿಸಿ ಎಂದು ಸೊಣ್ಣಮ್ಮ ಶಾಲೆಯ ಮೇಷ್ಟ್ರ ಕೈಲಿ ಕರೆಂಟ್ ಆಫೀಸಿಗೆ ಅರ್ಜಿ ಬರೆಸಿದಳು, ಮತ್ತೆ ಬರೆಸಿದಳು. ಕೊನೆಗೊಮ್ಮೆ ಉತ್ತರ ಬಂದಿತ್ತು. ಇಂಜಿನಿಯರು ನೋಡಲು ಬರುತ್ತಾರೆ. ಇವತ್ತೇ, ಮಧ್ಯಾಹ್ನ.

* * *

ಸೊಣ್ಣಮ್ಮನ ಮಗ, ಮುತ್ತಮ್ಮನ ಗಂಡ ಗೋಪಾಲಪ್ಪ ಸೈಕಲ್ಲಿನಲ್ಲಿ ಹೋಗಿ ಹೆಡ್ ಕಾನ್‌ಸ್ಟೇಬಲ್ ನರಸಿಂಹಯ್ಯನವರನ್ನು ಕರೆತಂದ. ಯಾರೋ ಆಗದವರು ವಿಷ ಹಾಕಿದ್ದಾರೆ ಎಂಬುದು ಅವನ ಅನುಮಾನ. ಅವನ ಅಪ್ಪ ವೆಂಕಟರಮಣಪ್ಪನಿಗೆ ಅನುಮಾನವೇ ಇರಲಿಲ್ಲ; ಸೊಸೆಯ ಕಡೆ ಬೆರಳು ತೋರಿಸಿದ.

“ತಂತಿ ಎಂಟು ವರ್ಷದಿಂದ ಐತೆ. ಹುಳ ಇವತ್ತೇ ಯಾಕೆ ಸಾಯ್ಬೇಕು? ಇವ್ಳು ಮುಟ್ಟಾಗಿ ಒಳಗೋಗವ್ಳೆ. ಸಂಜೆ ಬಸ್ಸಿಗೆ ತವರಿಗೆ ಕಳ್ಸು. ಮತ್ತೆ ಕರ್ಕೊಂಡು ಬರೋದು ಬ್ಯಾಡ.”

“ಇಲ್ಲ ಮಾವ, ಸ್ನಾನ ಆಗಿ ನಾಲ್ಕು ದಿನ ಆಯ್ತು,” ಅಂದಳು ಮುತ್ತಮ್ಮ. ಹತ್ತೊಂಬತ್ತರ ಹುಡುಗಿ. ಮದುವೆಯಾಗಿ ವರ್ಷ ತುಂಬಿರಲಿಲ್ಲ.

“ಅವಳನ್ನ ಯಾಕಂತೀರ? ತಂತಿ ಅಂದೆನಲ್ಲ,” ಎಂದು ಸೊಣ್ಣಮ್ಮ ಅಡ್ಡ ಬಂದಳು. ಸೊಸೆಯ ಪರವಾಗಿ ಅವಳು ಬಾಯಿ ತೆರೆದದ್ದನ್ನು ಮುನಿತಾಯಮ್ಮ ಕಂಡದ್ದು ಅದೇ ಮೊದಲು.

ನರಸಿಂಹಯ್ಯ ಪುಸ್ತಕ ಬಿಚ್ಚಿದರು. “ಸೊಪ್ಪು ಯಾರಮ್ಮ ಹಾಕಿದ್ದು?”

“ನಾನೇ ಸಾರ್. ನಿನ್ನೆ ಸಂಜೆ ಕುಯ್ದು ಪಡಸಾಲೆಯ ಮಂಕರಿ ಬುಟ್ಟೀಲಿಟ್ಟೆ. ಬಾಡದಂಗೆ ಅತ್ತೆ ನೀರು ಚಿಮುಕ್ಸಿ ಗೋಣಿ ಮುಚ್ಚಿದ್ರು. ಬೆಳಿಗ್ಗೆ ತೆಗ್ದು ಹಾಕ್ದೆ.”

“ಕುಯ್ದವಳೂ ನೀನೆ, ಹಾಕಿದವಳೂ ನೀನೆ.” ಅವರು ಬರೆದುಕೊಂಡರು. ಮುತ್ತಮ್ಮನ ಮುಖ ಬಿಳಿಚಿತು.

ಮುನಿತಾಯಮ್ಮ ಅಷ್ಟರಲ್ಲಿ ಕಿಟಕಿಯ ಪಕ್ಕ ಬಗ್ಗಿ ನಿಂತಿದ್ದಳು. ಅಲ್ಲಿ ನಾಲ್ಕು ತಟ್ಟೆಗಳಿದ್ದವು. ಹುಳ ತಲೆಯೆತ್ತಿ ಅಲ್ಲಾಡದೆ ಕೂತಿದ್ದವು. ಬೆರಳಿನಿಂದ ಮೆಲ್ಲಗೆ ತಾಕಿದಳು. ಒಂದು ಮಿಸುಕಿತು.

“ಮುತ್ತಮ್ಮ, ಇವಕ್ಕೆ ಸೊಪ್ಪು ಹಾಕಿದ್ಯಾ?”

“ಇಲ್ಲ ಚಿಕ್ಕಮ್ಮ, ಇವು ಬೇರೆಯವಕ್ಕಿಂತ ಒಂದು ದಿನ ಹಿಂದೆ. ಇನ್ನೂ ಜ್ವರದಲ್ಲಿದ್ವು.”

“ಹುಳಕ್ಕೂ ಜ್ವರಾನಾ?” ನರಸಿಂಹಯ್ಯ ಪೆನ್ನು ಮುಚ್ಚಿದರು. “ಮೊದ್ಲೇ ಹೇಳಬಾರದಾ? ಜ್ವರ ಬಂದು ಸತ್ತಿವೆ ಬಿಡಿ.”

“ಅಲ್ಲ ಸ್ವಾಮಿ,” ಅಂದಳು ಮುನಿತಾಯಮ್ಮ. “ಜ್ವರ ಬಂದವೇ ಬದುಕಿರೋದು.”

* * *

ಅವರಿಗೆ ಅರ್ಥವಾಗುವಂತೆ ಹೇಳಬೇಕಾಯಿತು. ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೇ ಜ್ವರ ಅನ್ನುವುದು. ಆಗ ಅದು ಒಂದೆಲೆಯನ್ನೂ ಮುಟ್ಟುವುದಿಲ್ಲ.

“ಈ ನಾಲ್ಕು ತಟ್ಟೆ ತಂತಿಗೆ ಎಲ್ಲಕ್ಕಿಂತ ಹತ್ರ. ತಂತಿ ಕೊಲ್ಲೋದಾದ್ರೆ ಇವನ್ನೇ ಮೊದ್ಲು ಕೊಲ್ಬೇಕು. ಮೈಲಿಗೆ ಕೊಲ್ಲೋದಾದ್ರೂ ಇವನ್ನ ಬಿಟ್ಟು ಹೋಗ್ತಿರಲಿಲ್ಲ ಭಾವ, ಬಾಗಿಲು ಒಂದೇ. ತಿಂದವು ಸತ್ವು, ತಿನ್ನದವು ಬದುಕಿದ್ವು. ಸೊಪ್ಪಲ್ಲಿ ಇತ್ತು.”

ಮಂಕರಿಯ ತಳದಲ್ಲಿ ಉಳಿದ ಒಂದು ಎಲೆಯನ್ನು ತೆಗೆದು ಮೂಸಿದಳು. ನಾಲಿಗೆಯ ತುದಿಗೆ ತಾಕಿಸಿದಳು. ಗಂಟಲಿಗೆ ಘಾಟು ಹತ್ತಿತು. ಪರಿಚಯದ ಘಾಟು.

ಅವಳಿಗೆ ಥಟ್ಟನೆ ದಣಿವಾಯಿತು. ಉಳಿದದ್ದು ತನಗೆ ಗೊತ್ತಾಗದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

* * *

ಸೊಣ್ಣಮ್ಮ ಹಿತ್ತಿಲಿನಲ್ಲಿ ತಲೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಕೂತಿದ್ದಳು. ಮುನಿತಾಯಮ್ಮ ಪಕ್ಕದಲ್ಲಿ ಕೂತಳು.

“ಅಕ್ಕ, ನಿನ್ನೆ ಸಂತೇಲಿ ಒಂದು ಕಟ್ಟು ಹೊಗೆಸೊಪ್ಪು ತಗೊಂಡೆ. ಬೆಳಿಗ್ಗೆ ನನ್ನ ಹತ್ರ ಚೂರು ಕೇಳೋಕೆ ಬಂದೆ. ಕಟ್ಟು ಎಲ್ಲೋಯ್ತು?”

ಸೊಣ್ಣಮ್ಮ ತಲೆಯ ಬಟ್ಟೆ ಬಿಗಿದುಕೊಂಡಳು. ಮೇಲೆ ತಂತಿ ಗುಂಯ್‌ಗುಡುತ್ತಿತ್ತು.

“ನೆನೆಹಾಕ್ದೆ,” ಅಂದಳು. “ಆ ನೀರೇ ಚಿಮುಕ್ಸಿದೆ.”

“ನಾವು ಮಕ್ಕಳ ಥರ ಸಾಕಿದ್ದಲ್ವೇನೆ?”

“ಇಂಜಿನಿಯರು ಬಂದು ಏನು ನೋಡ್ತಾನೆ ಮುನಿತಾಯಿ? ಸತ್ತ ಹುಳ ಕಣ್ಣಿಗೆ ಕಾಣುತ್ತೆ. ನನ್ನ ತಲೆನೋವು ಯಾರ ಕಣ್ಣಿಗೆ ಕಾಣುತ್ತೆ? ಗಂಡನಿಗೆ ಕಾಣ್ಲಿಲ್ಲ. ನಿಂಗೂ ಕಾಣ್ಲಿಲ್ಲ.”

ಸೊಣ್ಣಮ್ಮ ಮನೆಯ ಕಡೆ ತಿರುಗಿ ನೋಡಿದಳು.

“ಆ ಹುಡುಗೀ ತಲೆಗೆ ಬರುತ್ತೆ ಅಂತ ನಂಗೊತ್ತಿರಲಿಲ್ಲ ಕಣೇ.”

“ಹೆಂಗಸರ ತಲೆಗಲ್ದೆ ಇನ್ಯಾರ ತಲೆಗೆ ಬರುತ್ತಕ್ಕ? ಸಂಜೆ ಬಸ್ಸಿಗೆ ಟ್ರಂಕು ಕಟ್ತಾವ್ಳೆ.”

ಸೊಣ್ಣಮ್ಮ ಮಂಡಿಯ ಮೇಲೆ ಕೈಯೂರಿ ಎದ್ದಳು.

* * *

ಜೀಪು ಬಂತು. ಇಂಜಿನಿಯರು ಇಳಿಯುವ ಮೊದಲೇ ಸೊಣ್ಣಮ್ಮ ಎಲ್ಲರ ಮುಂದೆ ಹೇಳಿಬಿಟ್ಟಳು. “ಹುಳ ಸಾಯ್ಸಿದ್ದು ನಾನು. ಹೊಗೆಸೊಪ್ಪಿನ ನೀರಲ್ಲಿ. ಮುತ್ತಮ್ಮಂದು ಏನೂ ತಪ್ಪಿಲ್ಲ.”

ವೆಂಕಟರಮಣಪ್ಪ ಬಾಯಿ ಬಿಟ್ಟವನು ಮುಚ್ಚಲಿಲ್ಲ. ನರಸಿಂಹಯ್ಯ ತಲೆ ಕೆರೆದುಕೊಂಡರು. “ಅವರ ಹುಳ ಅವರೇ ಸಾಯಿಸಿದ್ರೆ ಯಾವ ಸೆಕ್ಷನ್ನು ಹಾಕ್ಲಪ್ಪಾ?” ಎಂದು ಬರೆದದ್ದನ್ನೆಲ್ಲ ಹೊಡೆದುಹಾಕಿದರು.

ಇಂಜಿನಿಯರಿಗೆ ಹಗುರವಾಯಿತು. “ಹಂಗಾದ್ರೆ ಲೈನಿಂದ ಯಾರಿಗೂ ಏನೂ ಬಾಧೆ ಇಲ್ಲ ಅಂತ ಬರ್ಕೊಳ್ಳಲಾ?”

“ಹುಳದ್ದು ಬರ್ಕೊಳ್ಳಿ,” ಅಂದಳು ಮುನಿತಾಯಮ್ಮ. “ತಲೆನೋವಿಂದು ಬರ್ಕೋಬೇಡಿ. ಅದಕ್ಕೆ ಕಾರಣ ತಂತಿಯೋ ಅಲ್ವೋ ನಂಗೊತ್ತಿಲ್ಲ. ನಿಮಗೆ ಗೊತ್ತಾ ಸಾರ್?”

ಅವರು ಮೇಲೆ ನೋಡಿದರು. “ಗೊತ್ತಿಲ್ಲಮ್ಮ. ಬೇರೆ ದೇಶದಲ್ಲಿ ಯಾರೋ ವಿಚಾರಿಸ್ತಾ ಇದಾರಂತೆ.” ಫಾರಮ್ಮಿನಲ್ಲಿ ತಲೆನೋವಿಗೆ ಜಾಗವಿರಲಿಲ್ಲ. ಮಡಿಸಿ ಜೇಬಿಗಿಟ್ಟು ಜೀಪು ಹತ್ತಿದರು.

ಮುತ್ತಮ್ಮ ಟ್ರಂಕನ್ನು ಅರ್ಧ ಕಟ್ಟಿದಲ್ಲೇ ಬಿಟ್ಟು ಹೊರಗೆ ಬಂದಳು. ಅತ್ತೆಯನ್ನು ಎಷ್ಟೋ ಹೊತ್ತು ನೋಡಿದಳು. ಕಣ್ಣಲ್ಲಿ ಕೋಪವಿತ್ತು. ಆದರೂ ಆ ತಲೆಯ ಒಣಗಿದ ಬಟ್ಟೆ ಬಿಚ್ಚಿ, ತೊಟ್ಟಿಯಲ್ಲಿ ಅದ್ದಿ ಹಿಂಡಿದಳು.

“ಎಲ್ಲಿ ನೋವು ಅತ್ತೆ?”

ಎಂಟು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಸೊಣ್ಣಮ್ಮ ಎರಡು ಬೆರಳಿಟ್ಟು ತೋರಿಸಿದಳು.

ಕಿಟಕಿಯ ಪಕ್ಕದ ಹುಳ ಜ್ವರ ಬಿಟ್ಟು ಎದ್ದಿದ್ದವು. ಹೊಸ ಸೊಪ್ಪು ಬೇಕು. ಮುನಿತಾಯಮ್ಮ ತನ್ನ ಮನೆಯ ಮಂಕರಿ ತಂದು, ಎಳೆಯುವ ಕಾಲನ್ನು ಎಳೆದುಕೊಂಡೇ ತಂತಿಯ ಕೆಳಗೆ ಹಾದು ತೋಟಕ್ಕೆ ನಡೆದಳು.