ಮೂರನೆಯ ಪ್ರಕಟಣೆ

"ಯಾರದು ಒಳಗೆ?"

ಆ ದನಿಗೆ ಸಲೋಮಿಯ ಕೈಯಲ್ಲಿದ್ದ ಪೊರಕೆ ಬಿದ್ದೇ ಹೋಯಿತು. ಪೊರಕೆಯೇನೋ ಬಿದ್ದು ಸುಮ್ಮನಾಯಿತು. ಅವಳು ಮುಟ್ಟಿದ್ದ ಗಿಟಾರಿನ ತಂತಿ ಸುಮ್ಮನಾಗಲಿಲ್ಲ! ಗುಂಯ್... ಎಂದು ಚರ್ಚಿನ ಕಿಟಕಿ ಗಾಜುಗಳೂ ನಡುಗಿದವು.

ಬಾಗಿಲಲ್ಲಿ ಜಯಶೀಲ ನಿಂತಿದ್ದ. ಗಿಟಾರಿಗೆ ವೈರ್ ಜೋಡಿಸಿ, ಕೈ ತೊಳೆಯಲು ಹೋಗಿದ್ದವನು.

"ತಪ್ಪಾಯ್ತ್ರೀ... ಗುಡಿಸ್ತಿದ್ದೆ... ಸುಮ್ನೆ ಮುಟ್ಟಿದೆ..."

"ಅಂಗೈ ಇಡು."

"ಆಂ?"

"ತಂತಿ ಮೇಲೆ ಅಂಗೈ ಇಡು."

ಇಟ್ಟಳು. ಇಡೀ ಚರ್ಚು ನಿಶ್ಶಬ್ದವಾಯಿತು. ಅವಳ ಎದೆಯೊಂದು ಬಿಟ್ಟು.

"ಬೇಸ್ ಗಿಟಾರ್ ಮೀಟೋದು ಯಾರ್ ಬೇಕಾದ್ರೂ ಕಲೀತಾರೆ. ಎಲ್ಲಿ ನಿಲ್ಲಿಸ್ಬೇಕು ಅನ್ನೋದೇ ಕಷ್ಟ. ನೀನು ಅದನ್ನೇ ಮೊದಲು ಕಲ್ತೆ ನೋಡು!" ಅವನು ನಕ್ಕ. "ಬಳ್ಳಾರಿ ಚರ್ಚಿನವರು ಕೊಟ್ಟು ಆರು ತಿಂಗಳಾಯ್ತು. ನುಡಿಸೋರೇ ಇಲ್ಲ. ಕಲೀತೀಯಾ?"

ಸಲೋಮಿ ಹೂಂ ಎಂಬಂತೆ ತಲೆಯಾಡಿಸಿದಳು. ಅವಳ ಬಾಯಿಂದ ಮಾತು ಬರುವುದೇ ಅಪರೂಪ.

ಅದು ಸಾವಿರದ ಒಂಬೈನೂರ ತೊಂಬತ್ತೊಂಬತ್ತು. ಆರನೇ ಕ್ಲಾಸಿಗೇ ಶಾಲೆ ಬಿಟ್ಟ ಸಲೋಮಿ ಮೊಳಕಾಲ್ಮುರಿನ ಮನೆಯಲ್ಲಿ ಅಪ್ಪನ ರೇಷ್ಮೆ ಮಗ್ಗಕ್ಕಾಗಿ ಕಂಡಿಕೆಗೆ ಎಳೆ ಸುತ್ತುತ್ತಿದ್ದಳು. ಎಳೆ ಕಡಿದರೆ ಕಣ್ಣಿಗಿಂತ ಮೊದಲು ಅವಳ ಬೆರಳಿಗೇ ಗೊತ್ತಾಗುತ್ತಿತ್ತು. ಜಯಶೀಲ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಚೀಲ ತೂಗುವವನು. ಶನಿವಾರ ಮಧ್ಯಾಹ್ನದ ಬಸ್ಸಿಗೆ ಬಂದು, ಭಾನುವಾರದ ಆರಾಧನೆಗೆ ಕೀಬೋರ್ಡ್ ನುಡಿಸಿ ಹಿಂದಿರುಗುತ್ತಿದ್ದ. ಅವನ ಅಂಗಿಯಿಂದ ಹಸಿ ಎಣ್ಣೆಯ ವಾಸನೆ ಬರುತ್ತಿತ್ತು. ಅವಳಿಗೆ ಈಗ ಶನಿವಾರವೆಂದರೆ ಅದೇ ವಾಸನೆ.

ಸ್ವರಗಳ ಹೆಸರು ಅವಳ ತಲೆಯಲ್ಲಿ ನಿಲ್ಲಲಿಲ್ಲ. ಅವನು ಸಣ್ಣ ಸಣ್ಣ ಚೀಟಿಗಳಲ್ಲಿ ಒಂದು, ಎರಡು, ಮೂರು ಎಂದು ಬರೆದು ಗಿಟಾರಿನ ಕತ್ತಿಗೆ ಅಂಟಿಸಿದ. ಎಷ್ಟು ಗುಂಡಗಿನ ಅಕ್ಷರ! ಪಾದ್ರಿ ಸಮುವೇಲಪ್ಪನವರು, ಮದುವೆಯಾಗುವವರ ಹೆಸರು ಬರೆದಿಡುವ ಚರ್ಚಿನ ಪ್ರಕಟಣೆ ಪುಸ್ತಕವನ್ನೂ ಅವನಿಂದಲೇ ಬರೆಸುತ್ತಿದ್ದರು.

ನಾಲ್ಕು ತಿಂಗಳಲ್ಲಿ ಅವಳು ಆರಾಧನೆಗೆ ನುಡಿಸತೊಡಗಿದಳು.

"ಏನೇ ಸಲೋಮಿ, ನೀನು ಅದನ್ನ ಹೊತ್ಕೊಂಡಿದೀಯೋ, ಅದೇ ನಿನ್ನ ಹೊತ್ಕೊಂಡೈತೋ?" ಮುಂದಿನ ಬೆಂಚಿನ ಗ್ರೇಸಮ್ಮ ಕೆಣಕಿದರೆ ಹೆಂಗಸರೆಲ್ಲ ನಗುತ್ತಿದ್ದರು.

ಹುಡುಗಿಯರೆಲ್ಲ ಜಯಶೀಲನನ್ನು 'ಬ್ರದರ್' ಎನ್ನುತ್ತಿದ್ದರು. ಸಲೋಮಿ ಮಾತ್ರ ಏನೂ ಅನ್ನುತ್ತಿರಲಿಲ್ಲ. ಬ್ರದರ್ ಎನ್ನಲು ನಾಲಿಗೆ ಏಳುತ್ತಿರಲಿಲ್ಲ... ಹೆಸರು ಹಿಡಿಯಲು ಧೈರ್ಯವಿರಲಿಲ್ಲ.

ಒಂದು ದಿನ ಅಪ್ಪ ದಾನಿಯೇಲಪ್ಪ ಚರ್ಚಿನ ಕಾಗದವೊಂದನ್ನು ಮುಂದಿಟ್ಟರು.

"ಸೈನ್ ಹಾಕವ್ವ. ರಾಯದುರ್ಗದ ಹುಡ್ಗ. ಸುಂದರರಾವ್ ಅಂತ. ರೈಲ್ವೆಯಾಗೆ ಅದಾನೆ. ಮೂರು ಭಾನುವಾರ ಚರ್ಚಿನಾಗೆ ಇಬ್ಬರ ಹೆಸರು ಓದಿಸಿ, ಮದುವೆ ಮಾಡಿಬಿಡಾಣ."

ಸಲೋಮಿ ಕಾಗದವನ್ನೇ ನೋಡಿದಳು. ಬೇಡ ಎನ್ನಲು ತಲೆ ಎತ್ತಿದಳು. ಅಷ್ಟರಲ್ಲಿ ಜಯಶೀಲ ನೆನಪಾಗಿ ಒಂದು ಯೋಚನೆ ಹೊಳೆಯಿತು.

'ಈ ಕಾಗದ ಅವರ ಕೈಗೇ ಹೋಗುತ್ತೆ. ಪುಸ್ತಕಕ್ಕೆ ಬರೆಯೋರು ಅವರೇ. ನನ್ನ ಹೆಸರು ಓದಿ ಸುಮ್ಮನಿರ್ತಾರಾ? ಇಲ್ಲ... ಏನಾದರೂ ಹೇಳ್ತಾರೆ!'

ಪೆನ್ನು ಹಿಡಿದು ಸೈನ್ ಹಾಕಿದಳು. ಅವಳ ಪಾಲಿಗೆ ಅದು ಒಪ್ಪಿಗೆಯಾಗಿರಲಿಲ್ಲ. ಅವನಿಗೆ ಬರೆದ ಪ್ರಶ್ನೆಯಾಗಿತ್ತು.

ಮೊದಲ ಭಾನುವಾರ ಪಾದ್ರಿಗಳು ಎರಡು ಹೆಸರು ಓದಿದರು. ಆಕ್ಷೇಪಣೆ ಉಂಟೇ ಎಂದು ಕೇಳಿದರು. ಜಯಶೀಲ ಕೀಬೋರ್ಡಿನಿಂದ ತಲೆ ಎತ್ತಲಿಲ್ಲ.

ಆರಾಧನೆ ಮುಗಿದ ಮೇಲೆ ಅವಳು ಮೆಲ್ಲನೆ ಪುಸ್ತಕ ತೆರೆದು ನೋಡಿದಳು. ಅವೇ ಗುಂಡಗಿನ ಅಕ್ಷರಗಳು. ಹೊಡೆದು ಹಾಕಿದ ಒಂದು ಕಾಟಿಲ್ಲ... ಒಂದು ಮಸಿಯ ಚುಕ್ಕೆಯಿಲ್ಲ. ನನ್ನ ಹೆಸರಿನ ಪಕ್ಕ ಇನ್ನೊಬ್ಬನ ಹೆಸರು ಬರೆಯುವಾಗ ಇವರ ಕೈ ಒಂದಿಷ್ಟೂ ನಡುಗಲಿಲ್ಲವೇ?

"ಒಳ್ಳೇದಾಗ್ಲಿ ಸಲೋಮಿ," ಅವನು ವೈರ್ ಸುತ್ತುತ್ತಲೇ ಹೇಳಿದ. "ರೈಲ್ವೆ ನೌಕರಿ... ಕ್ವಾರ್ಟರ್ಸೂ ಕೊಡ್ತಾರಂತೆ."

"ಹೂಂ," ಎಂದಳು.

ಆ 'ಹೂಂ' ಅವನನ್ನು ಹೇಗೆ ಇರಿಯಿತೋ ಅವಳಿಗೆ ಗೊತ್ತಾಗಲಿಲ್ಲ.

ಎರಡನೆಯ ಭಾನುವಾರವೂ ಅದೇ ಹೆಸರು, ಅದೇ ಮೌನ. ಅಂದು ಅವನು ಗಿಟಾರಿನ ಕತ್ತಿನಿಂದ ಚೀಟಿಗಳನ್ನು ಒಂದೊಂದಾಗಿ ಕಿತ್ತ.

"ಯಾಕೆ?" ಅವಳ ದನಿ ಒಡೆಯಿತು.

"ನಿಂಗೆ ಇನ್ನು ಇವು ಬೇಕಾಗಲ್ಲ."

'ಇಷ್ಟೇನಾ ನಾನು? ಕಿತ್ತು ಎಸೆಯೋ ಚೀಟಿಯಷ್ಟೇನಾ?' ಆ ವಾರವೆಲ್ಲ ಅವಳ ಕೈಯಲ್ಲಿ ಎಳೆ ಕಡಿಯುತ್ತಲೇ ಇತ್ತು.

ಮೂರನೆಯ ಭಾನುವಾರ ಕರೆಂಟ್ ಇರಲಿಲ್ಲ.

ಕೀಬೋರ್ಡ್ ಸತ್ತು ಬಿದ್ದಿತ್ತು. ಆದರೂ ಸಲೋಮಿ ಅಭ್ಯಾಸಬಲದಿಂದ ಗಿಟಾರ್ ಕೊರಳಿಗೆ ಹಾಕಿಕೊಂಡು, ಜನ ಹಾಡಿದಂತೆ ಮೀಟುತ್ತಾ ನಿಂತಳು. ತಂತಿ ಬೆರಳ ಕೆಳಗೆ ಅದುರುತ್ತಿತ್ತು. ಪಕ್ಕದಲ್ಲಿದ್ದವರಿಗೂ ಕೇಳುತ್ತಿರಲಿಲ್ಲ.

ಥಟ್ಟನೆ ಅವಳಿಗೆ ಅನ್ನಿಸಿತು... ಮೂರು ವಾರದಿಂದ ನಾನು ಮಾಡ್ತಿರೋದೂ ಇದನ್ನೇ ಅಲ್ಲವಾ? ಒಳಗೊಳಗೇ ಮೀಟ್ತಾ, ಕೇಳಿಸಲಿಲ್ಲ ಅಂತ ಅವರನ್ನ ಬೈಕೊಳ್ತಾ!

ಪಾದ್ರಿಗಳು ಪುಸ್ತಕ ತೆರೆದರು.

"ಇದು ಮೂರನೆಯ ಹಾಗೂ ಕೊನೆಯ ಪ್ರಕಟಣೆ. ಈ ಮದುವೆಗೆ ಯಾರದಾದರೂ ಆಕ್ಷೇಪಣೆ ಇದ್ದರೆ ಈಗಲೇ ತಿಳಿಸಬೇಕು."

ಪಾದ್ರಿಗಳ ಬೆರಳು ಹಾಳೆ ಮಗುಚಲು ಎದ್ದಿತು.

"ನಂದೈತ್ರೀ ಅಯ್ನೋರೇ."

ಎಲ್ಲರೂ ಸಲೋಮಿಯತ್ತ ತಿರುಗಿದರು. ಜಯಶೀಲನೂ.

"ಏನಮ್ಮಾ?"

"ಆಕ್ಷೇಪಣೆ... ನಂದೇ. ನಂಗೆ ಈ ಮದುವೆ ಬೇಡ."

"ಅಯ್ಯೋ ದೇವ್ರೇ, ಇದಕ್ಕೆ ಬಾಯೂ ಐತಾ!" ಗ್ರೇಸಮ್ಮ ಎದೆ ಮುಟ್ಟಿಕೊಂಡಳು.

ದಾನಿಯೇಲಪ್ಪ ಎದ್ದು ನಿಂತರು. ಮುಖದಲ್ಲಿ ರಕ್ತವಿರಲಿಲ್ಲ. "ಮತ್ತೆ ಸೈನ್ ಹಾಕಿದ್ಯಾರೇ?"

"ನಾನೇ ಅಪ್ಪ... ಹಾಕ್ಬಾರ್ದಿತ್ತು. ಅವತ್ತೇ ಬಾಯಿ ಬಿಡ್ಬೇಕಿತ್ತು."

ಅವರು ಟವೆಲನ್ನು ಹೆಗಲಿಗೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಹೊರಗೆ ನಡೆದರು. ಅವರು ಬೈದಿದ್ದರೇ ಚೆನ್ನಾಗಿತ್ತು... ಪಾದ್ರಿಗಳು ಪುಸ್ತಕ ಮುಚ್ಚಿದರು.

ಆರಾಧನೆ ಮುಗಿದು ಜನ ಕರಗಿದರು. ಅವ್ವ ಮೆಟ್ಟಿಲ ಬಳಿ ಬಂದು, ಕಣ್ಣೊರೆಸಿಕೊಂಡು, ಮೆಲ್ಲಗೆ ಹೇಳಿದಳು.

"ರೊಟ್ಟಿ ಮುಚ್ಚಿಟ್ಟಿರ್ತೀನಿ. ಸ್ವಲ್ಪ ತಡೆದು ಬಾ. ಈಗ್ಲೇ ಅಪ್ಪನ ಕಣ್ಣಿಗೆ ಬೀಳ್ಬೇಡ."

ಅವ್ವನೂ ಹೋದಳು. ಸಲೋಮಿ ಮೆಟ್ಟಿಲ ಮೇಲೆ ಕುಸಿದು ಕುಳಿತಳು. ಅಪ್ಪನ ಬಾಗಿದ ಬೆನ್ನೇ ಕಣ್ಣ ಮುಂದೆ.

ಎಣ್ಣೆಯ ವಾಸನೆ ಹತ್ತಿರ ಬಂದಿತು.

"ಸೈನ್ ಯಾಕೆ ಹಾಕ್ದೆ?" ಜಯಶೀಲ ಒಂದು ಮೆಟ್ಟಿಲು ಕೆಳಗೆ ನಿಂತು ಕೇಳಿದ.

"ನೀವು ಓದ್ತೀರಿ ಅಂತ."

"ಓದಿದೆ ಕಣೇ... ನಿನ್ನ ಸೈನ್ ನೋಡಿದ್ಮೇಲೇ ಬಾಯಿ ಮುಚ್ಕೊಂಡೆ. ಚೀಲ ತೂಗೋನು ನಾನು, ನಿನ್ನ ಮನಸ್ಸು ಅಲ್ಲಿರೋವಾಗ ಏನಂತ ಕೇಳ್ಲಿ?"

"ಒಂದು ಕಾಟೂ ಇಲ್ದಂಗೆ ಬರೆದ್ರಲ್ಲ..."

"ಮಿಲ್ಲಿನ ಹಾಳೆ ಮೇಲೆ ನಾಲ್ಕು ಸಲ ಬರೆದು ಹರಿದೆ. ಐದನೇದು ಪುಸ್ತಕಕ್ಕೆ ಇಳಿಸಿದೆ. ಆ ಪುಟದಲ್ಲಿ ನಿನ್ನ ಹೆಸರು ಕೆಡಬಾರ್ದು ಅಂತ..."

ಅವನು ತನ್ನ ಹಾಡಿನ ಪುಸ್ತಕವನ್ನು ತೆರೆದು ಹಿಡಿದ. ಕೊನೆಯ ಹಾಳೆಯಲ್ಲಿ ಸಾಲಾಗಿ ಅಂಟಿಸಿದ ಚೀಟಿಗಳು. ಒಂದು, ಎರಡು, ಮೂರು... ಅವಳ ಬೆರಳು ಒತ್ತಿ ಒತ್ತಿ ಅಂಚು ಸವೆದಿದ್ದವು.

ಸಲೋಮಿ ಬಿಕ್ಕಿದಳು. ತಡೆಯಲು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

"ನಿಲ್ಲಿಸ್ಬೇಡ," ಅವನೆಂದ. "ಇದನ್ನ ನಿಲ್ಲಿಸ್ಬೇಡ."

ಅವಳ ಅಳು ತಗ್ಗಿದ ಮೇಲೆ ಕೇಳಿದ. "ಪುಸ್ತಕದಲ್ಲಿ ಇನ್ನೊಂದ್ಸಲ ನಿನ್ನ ಹೆಸರು ಬರೀಲಾ? ಪಕ್ಕದಲ್ಲಿ ನಂದು?"

"ಬರೆಯೋದೂ ಬೇಡ, ಸೈನೂ ಬೇಡ. ಮೊದ್ಲು ಬಾಯಲ್ಲಿ ಕೇಳಿ... ಅಪ್ಪನ ಹತ್ರಾನೂ."

"ಅವರು ಬಾಗಿಲೇ ತೆಗೀದಿದ್ರೆ?"

"ಹೊರಗೆ ನಿಂತ್ಕೊಂಡೇ ಕೇಳಿ. ಎಷ್ಟು ಶನಿವಾರ ಆದ್ರೂ ಆಗ್ಲಿ." ಅವಳು ಕಣ್ಣೊರೆಸಿಕೊಂಡಳು. "ಮಗ್ಗದ ಸದ್ದಿರುತ್ತೆ... ಜೋರಾಗಿ ಕೇಳ್ಬೇಕಾಗುತ್ತೆ, ಜಯಶೀಲ ಅವ್ರೇ."

ಅವಳು ಅವನ ಹೆಸರು ಹಿಡಿದದ್ದು ಅದೇ ಮೊದಲು.

"ಇನ್ನೊಂದ್ಸಲ ಅನ್ನು."

"ಜಯಶೀಲ ಅವ್ರೇ..."

"ಕೇಳ್ತೈತೆ," ಎಂದ ಅವನು. "ಈಗ ಕೇಳ್ತೈತೆ."